ಹೊನ್ನವ್ವನ ಗೋಡೆಯ ಮಹಾಪೂರ

ಶಿವನು ನೀರಿಗೆ ಕೊಟ್ಟದ್ದು ಒಂದೇ ಬುದ್ಧಿ. ತಗ್ಗು ಕಂಡಲ್ಲಿ ಇಳಿಯುವುದು. ಅದಕ್ಕೆ ಅರ್ಜಿ ಬೇಡ, ಮಂಜೂರಾತಿ ಬೇಡ. ಮನುಷ್ಯರ ಮೇಲೆ ಮಾತ್ರ ಆತನಿಗೆ ಕರುಣೆ ಹೆಚ್ಚು, ಅವರಿಗೆ ಇಲಾಖೆಗಳನ್ನು ಕೊಟ್ಟ. ಸಿಂದಗಿಯಿಂದ ಆಲಮೇಲಕ್ಕೆ ಹೋಗುವ ದಾರಿಯಲ್ಲಿ ಕಡ್ಲಿಹಾಳ ಎಂಬ ಊರು. ಸಾವಿರದ ಒಂಬೈನೂರಾ ತೊಂಬತ್ತೆಂಟರ ಮಳೆಗಾಲದಲ್ಲಿ ಅಲ್ಲಿ ನೀರೂ ಇಲಾಖೆಗಳೂ ಎದುರುಬದುರಾದವು. ನಡುವೆ ಸಿಕ್ಕಿಕೊಂಡವನು ಸಿದ್ದರಾಯ.

ಸಿದ್ದರಾಯ ಸ್ವಭಾವದಲ್ಲಿ ಸಾಧು. ಎಂಟೆಕರೆ ಜೋಳದ ಹೊಲ, ಮೂವತ್ತು ಕುರಿ, ಪೂರ್ವಜನ್ಮದ ಪುಣ್ಯಕ್ಕೆ ಹೊನ್ನವ್ವನಂಥ ಹೆಂಡತಿ. ಚುನಾವಣೆಯಲ್ಲಿ ಎದುರಿಗೆ ನಿಂತ ಇಬ್ಬರೂ ತಮ್ಮತಮ್ಮಲ್ಲೇ ಜಗಳಾಡಿ ಹಿಂದೆ ಸರಿದದ್ದರಿಂದ ಆತ ಗ್ರಾಮ ಪಂಚಾಯ್ತಿಯ ಮೆಂಬರನೂ ಆಗಿಬಿಟ್ಟಿದ್ದ. ಅಂದಿನಿಂದ ಅಂಗಿಯ ಕಿಸೆಗೆ ಎರಡು ಪೆನ್ನು ಬಂದವು, ಒಂದರಲ್ಲಿ ಶಾಯಿಯೂ ಇತ್ತು. ಪೆನ್ನಿನ ಸಂಗಡ ಒಂದು ರೋಗವೂ ಬಂತು. ಕೈಯಲ್ಲಿ ಕಾಗದ ಹಿಡಿದವರು ಏನೇ ಕೇಳಲಿ, ‘ಇಲ್ಲ’, ‘ಗೊತ್ತಿಲ್ಲ’ ಎಂದರೆ ಮೆಂಬರಗಿರಿಗೆ ಕುಂದು ಎಂದು ಆತ ನಂಬಿಬಿಟ್ಟ. ಹೀಗಾಗಿ ಪ್ರಶ್ನೆ ಮುಗಿಯುವ ಮೊದಲೇ ‘ಹೌದ್ರಿ ಸಾಹೇಬ್ರ’ ಎನ್ನುತ್ತಿದ್ದ. ದನಕರುಗಳ ಗಣತಿಗೆ ಬಂದವರು ಬಾಯಿತಪ್ಪಿ “ಒಂಟಿ ಅದಾವೇನು?” ಎಂದು ಕೇಳಿದಾಗಲೂ ಹಾಗೇ ಅಂದಿದ್ದ. ಕಡ್ಲಿಹಾಳದಲ್ಲಿ ಎರಡು ಒಂಟೆಗಳಿವೆ ಎಂದು ಸರಕಾರಿ ದಫ್ತರದಲ್ಲಿ ಈಗಲೂ ಇದೆಯಂತೆ. ಪ್ರತಿ ವರ್ಷ ತಪ್ಪದೆ ಅವುಗಳಿಗೆ ಲಸಿಕೆಯೂ ಆಗುತ್ತದಂತೆ.

ಆ ವರ್ಷ ರಾಜ್ಯ ಹೆದ್ದಾರಿಯನ್ನು ಮೂರು ಅಡಿ ಎತ್ತರಿಸಿದರು. ರಸ್ತೆಯ ಈಚೆ ಊರು, ಆಚೆ ಹಳ್ಳ. ಹಿಂದೆ ಓಣಿಯ ನೀರು ರಸ್ತೆಯನ್ನು ತುಳಿದುಕೊಂಡೇ ಹಳ್ಳಕ್ಕೆ ಹೋಗುತ್ತಿತ್ತು. ಈಗ ರಸ್ತೆ ಕೆರೆಯ ಒಡ್ಡಿನಂತೆ ಎದ್ದು ನಿಂತಿತು. ಅದರ ಕೆಳಗೆ ಒಂದು ಪೈಪು ಇಡುವುದು ಯಾರ ಕೆಲಸ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಮೊದಲ ಮಳೆಗೇ ಕೆಳಗಿನ ಓಣಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು.

ಪಕ್ಕದ ಮನೆಯ ಮುದುಕಿ ಗುಂಡವ್ವ ಸೀರೆ ಎತ್ತಿ ಹಿಡಿದುಕೊಂಡು ಬಂದು ಕೇಳಿದಳು: “ಏ ತಮ್ಮಾ ಮೆಂಬರಾ, ಒಂದ ಪೈಪ ತರಸಾಕ ಆಗೂದಿಲ್ಲೇನೋ ನಿನಗ?”

“ಪೈಪೇನವ್ವಾ, ಎಂಟ ದಿನದಾಗ ಹಾಕಸ್ತೇನಿ. ಸಾಹೇಬ್ರು ನನ್ನ ಮಾತ ಮೀರಂಗಿಲ್ಲ.”

ಯಾವ ಸಾಹೇಬರು ಎಂದು ಗುಂಡವ್ವ ಕೇಳಲಿಲ್ಲ. ಕೇಳಿದ್ದರೆ ಆತನಿಗೂ ಗೊತ್ತಿರಲಿಲ್ಲ. ಆದರೂ ಅರ್ಜಿ ಹೋಯಿತು.

ಇತ್ತ ಮನೆಯಲ್ಲಿ ಬೇರೆಯೇ ಗಡಿಬಿಡಿ. ಮಗಳು ದಾನೇಶ್ವರಿಗೆ ಮುದ್ದೇಬಿಹಾಳ ತಾಲೂಕಿನ ತಂಗಡಗಿಯ ಖಂಡೆಪ್ಪನ ಮಗ ಗೊತ್ತಾಗಿದ್ದ. ದೀಪಾವಳಿ ಮುಗಿದ ಮೇಲೆ ಮದುವೆ. ಪಂಚಮಿ ಹಬ್ಬವೂ ಬಂತು, ಬೀಗರು ಬಂದು ಹೋಗುವ ಮನೆಯೂ ಹೌದು ಎಂದು ಹೊನ್ನವ್ವ ಗೋಡೆಗೆ ಸುಣ್ಣ ಬಳಿಯಲು ಸೆರಗು ಕಟ್ಟಿದಳು. ಆ ಸೀಮೆಯ ರೂಢಿ ಗೊತ್ತಲ್ಲ, ಗೋಡೆ ತುಂಬ ಬಿಳಿ ಸುಣ್ಣ, ಬುಡಕ್ಕೆ ಒಂದು ಗೇಣು ಕೆಂಪು ಹುರಮಂಜಿ. ಸಾಮಾನು ತರಲು ಗಂಡನನ್ನು ಸಿಂದಗಿ ಸಂತೆಗೆ ಕಳಿಸಿದಳು. ಆತ ಸಂತೆಯ ತುಂಬ ಪೈಪಿನ ಸುದ್ದಿ ಹೇಳುತ್ತ ತಿರುಗಿ ಸಂಜೆ ಮನೆಗೆ ಬಂದ.

ಹೊನ್ನವ್ವ ಚೀಲ ಬಿಚ್ಚಿ ನೋಡಿ ಹಣೆಗೆ ಕೈ ಹಚ್ಚಿಕೊಂಡಳು. “ಎರಡ ಚೀಲ ಸುಣ್ಣ, ಒಂದ ಪುಡಿಕಿ ಹುರಮಂಜಿ ಅಂದಿದ್ದೆ. ನೀವು ಒಂದ ಪುಡಿಕಿ ಸುಣ್ಣ, ಎರಡ ಚೀಲ ಹುರಮಂಜಿ ತಂದೀರಲ್ರಿ!”

“ಲಕ್ಷ್ಯ ಪೈಪಿನ ಮ್ಯಾಲಿತ್ತ ನೋಡು,” ಎಂದ ಸಿದ್ದರಾಯ ಗಂಭೀರವಾಗಿ.

ಹೊನ್ನವ್ವ ವ್ಯರ್ಥ ಮಾತಾಡುವ ಹೆಂಗಸಲ್ಲ. ಸುಣ್ಣ ಎಷ್ಟು ಸಾಲುತ್ತದೋ ಅಷ್ಟಕ್ಕೆ ಮೇಲಿನ ಗೋಡೆ ಬಳಿದಳು. ಉಳಿದದ್ದಕ್ಕೆಲ್ಲ ಹುರಮಂಜಿ ಎಳೆದಳು. ಕೆಂಪು ಎದೆಮಟ್ಟಕ್ಕೆ ಬಂದು ನಿಂತಿತು. ನೋಡಿದವರು ನಗಬಾರದೆಂದು ತಾಯಿ ಮಗಳು ದಾರ ಹಿಡಿದು, ಮನೆಯ ಒಳಗೂ ಹೊರಗೂ ನಾಲ್ಕೂ ಸುತ್ತು ಒಂದೇ ಮಟ್ಟಕ್ಕೆ ಗೆರೆ ತೀಡಿದರು. ಆ ಗೆರೆಯ ಮೇಲೆ ಇರುವೆ ನಡೆದರೂ ಏರಿಳಿತ ತಿಳಿಯುವಂತಿರಲಿಲ್ಲ.

ಪಂಚಮಿ ಮುಗಿದ ವಾರಕ್ಕೆ ಅರ್ಜಿಯ ಬೆನ್ನು ಹತ್ತಿ ರಸ್ತೆ ಇಲಾಖೆಯ ಅನಿಲ ಸಾಹೇಬರು ಬಂದರು. ಮೈಸೂರಿನ ಕಡೆಯ ಎಳೆ ಎಂಜಿನಿಯರು, ಹೊಸ ಬೂಟು, ಹೊಸ ಟೇಪು, ಕೈಯಲ್ಲೊಂದು ಅಚ್ಚಾದ ನಮೂನೆ. ಅದರ ಏಳನೆಯ ಕಲಮಿನಲ್ಲಿ ‘ಈವರೆಗೆ ಬಂದ ಅತಿ ಎತ್ತರದ ನೀರಿನ ಮಟ್ಟ’ ಎಂದಿತ್ತು. ಅನಿಲರು ಸಿದ್ದರಾಯನ ಮನೆಯ ಮುಂದೆ ಬಂದವರು ಗಕ್ಕನೆ ನಿಂತರು.

“ಯಜಮಾನ್ರೇ, ಈ ಗೆರೆ ತನಕ ನೀರು ಬಂದಿತ್ತಾ?”

ಸಿದ್ದರಾಯ ಕುರ್ಚಿಯ ಧೂಳು ಒರೆಸುತ್ತಿದ್ದ. “ಹೌದ್ರಿ ಸಾಹೇಬ್ರ.”

“ಅಬ್ಬಾ! ಎಷ್ಟು ಸಮವಾಗಿದೆ ನೋಡಿ. ಮನುಷ್ಯರ ಕೈಯಿಂದ ಇಷ್ಟು ನೆಟ್ಟಗೆ ಎಳೆಯೋಕೆ ಸಾಧ್ಯವೇ ಇಲ್ಲ. ನಿಂತ ನೀರೇ ಎಳೀಬೇಕು. ಕೆಂಪು ಹೂಳು ಹೇಗೆ ಕಚ್ಚಿಕೊಂಡಿದೆ!”

ಒಳಗಿದ್ದ ಹೊನ್ನವ್ವನಿಗೆ ತನ್ನ ಗೆರೆಯನ್ನು ಯಾರೋ ಹೊಗಳುತ್ತಿದ್ದಾರೆ ಎಂದಷ್ಟೇ ಕೇಳಿ ಹಿಗ್ಗಾಯಿತು, ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು. ಸುತ್ತ ಹತ್ತು ಹರದಾರಿ ಕರಿಮಣ್ಣೇ ಇರುವ ಸೀಮೆಗೆ ಕೆಂಪು ಹೂಳು ಎಲ್ಲಿಂದ ಬಂತು ಎಂದು ಕೇಳುವವರು ಅಲ್ಲಿ ಯಾರೂ ಇರಲಿಲ್ಲ. ಟೇಪು ಹಿಡಿದರು. ನಾಲ್ಕು ಅಡಿ ಮೂರು ಇಂಚು.

“ಯಾವ ವರ್ಷ ಬಂದಿತ್ತು?”

“ಹೌದ್ರಿ.”

“ಯಾವ ವರ್ಷ ಅಂದೆ?”

ಸಿದ್ದರಾಯ ಕುರ್ಚಿಯನ್ನು ಇನ್ನೊಮ್ಮೆ ಒರೆಸಿದ. ಅವನ ನೆನಪಿನಲ್ಲಿ ಗಟ್ಟಿಯಾಗಿ ಕುಳಿತ ವರ್ಷ ಒಂದೇ. “ಎಪ್ಪತ್ತೆರಡರಾಗ್ರಿ.”

ಎಪ್ಪತ್ತೆರಡು ಎಂದರೆ ಆ ಸೀಮೆ ಹನಿ ನೀರಿಗೆ ಬಾಯಿಬಿಟ್ಟ ಬರಗಾಲದ ವರ್ಷ. ಮೈಸೂರಿನ ಕಡೆಯವರಿಗೆ ಅದು ತಿಳಿಯಬೇಕಾಗಿಯೂ ಇರಲಿಲ್ಲ. ‘1972, ಮಹಾಪೂರ’ ಎಂದು ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು.

“ಸಾಹೇಬ್ರ, ಮತ್ತ ನಮ್ಮ ಪೈಪು...”

“ಇಷ್ಟು ನೀರಿಗೆ ಪೈಪು ಯಾವ ಮೂಲೆಗೆ ಸಾಕು? ದೊಡ್ಡ ಸೇತುವೆನೇ ಬೇಕು. ಸೇತುವೆ ಅಂದ್ರೆ ಇದು ಪ್ರವಾಹದ ಪ್ರದೇಶ ಅಂತ ಆಯ್ತು. ಅದಕ್ಕೆ ನಾವು, ನೀರಾವರಿ, ಕಂದಾಯ, ಜಿಲ್ಲಾ ಪಂಚಾಯ್ತಿ ನಾಲ್ಕೂ ಇಲಾಖೆ ಒಪ್ಪಬೇಕು. ಅಲ್ಲಿವರೆಗೆ ಪೈಪು ರದ್ದು ಮಾಡ್ತೀನಿ. ಸರಿ ತಾನೆ?”

“ಹೌದ್ರಿ ಸಾಹೇಬ್ರ.”

ಒಂದು ಪೈಪು ಕೇಳಿದವನಿಗೆ ಸೇತುವೆಯ ಆಸೆ ಸಿಕ್ಕಿತು, ಪೈಪು ಹೋಯಿತು. ಸಿದ್ದರಾಯ ಮಾತ್ರ ಹಾಜಿಮಲಂಗನ ಚಹಾದಂಗಡಿಯಲ್ಲಿ ಎದೆ ಉಬ್ಬಿಸಿ, “ಬ್ರಿಜ್ಜ ಬರಾಕತ್ತೈತಿ,” ಎಂದು ಸಾರಿದ.

ಬ್ರಿಜ್ಜು ಬರಲಿಲ್ಲ, ತಲಾಠಿ ಬಸವಂತರಾಯ ಲೂನಾ ಗಾಡಿಯ ಮೇಲೆ ಬಂದ. ಚೀಲದಿಂದ ಕಂದಾಯ ಇಲಾಖೆಯ ಕಾಗದ ತೆಗೆದು ಕಟ್ಟೆಯ ಮೇಲೆ ನಿಂತು ಓದಿದ. ಕೆಳಗಿನ ಓಣಿಯ ಹದಿನೇಳು ಮನೆಗಳು ಮುಳುಗಡೆಯ ಅಪಾಯದಲ್ಲಿ ಇರುವುದು ಕಂಡುಬಂದಿದೆ, ಸದರಿ ಕುಟುಂಬಗಳನ್ನು ಊರ ಮೇಲಿನ ಕಲ್ಲುದಿಬ್ಬಕ್ಕೆ ಸಾಗಿಸಲು ಯೋಚಿಸಲಾಗಿದೆ.

“ದಿಬ್ಬದ ಮ್ಯಾಲ ಕುಡ್ಯಾಕ ನೀರ ಎಲ್ಲೈತ್ರಿ?” ಎಂದು ಗುಂಡವ್ವ ಕೇಳಿದಳು.

“ಅದಕ್ಕ ಅಲ್ಲಿ ಪ್ರವಾಹದ ಭಯ ಇಲ್ಲ ನೋಡವಾ,” ಎಂದ ತಲಾಠಿ.

ಗುಂಡವ್ವ ಬೈಯಲು ಬಾಯಿ ತೆಗೆದಿದ್ದಳು. ಅಷ್ಟರಲ್ಲಿ ಎದುರು ಮನೆಯ ಮಾನಪ್ಪ ತಲಾಠಿಯ ಕಿವಿಗೆ ಬಾಯಿಟ್ಟು, ಸಾಗಿಸಿದವರಿಗೆ ಸರಕಾರ ಹೊಸ ಮನೆ ಕಟ್ಟಿಕೊಡುತ್ತದೆಯೇ ಎಂದು ಕೇಳಿದ. ತಲಾಠಿ ಏನನ್ನೋ ನೆನೆದು ಸುಮ್ಮನೆ ನಕ್ಕ. ಅಷ್ಟೇ ಸಾಕಾಯಿತು. ಮರುದಿನ ಹಾಜಿಮಲಂಗ ಚಹಾದ ಜೊತೆಗೆ ಮಾರುತ್ತಿದ್ದ ನಾಲ್ಕು ಪುಡಿಕೆ ಹುರಮಂಜಿಯೂ ಖಾಲಿ. ಅದರ ಮರುದಿನ ಸಿಂದಗಿಯಲ್ಲೂ ಖಾಲಿ. ಮಾನಪ್ಪ ತನ್ನ ಗೋಡೆಗೆ ಭುಜದ ಮಟ್ಟ ಬಳಿದ. ಅದನ್ನು ನೋಡಿ ಆತನ ಅಣ್ಣ ತಲೆಮಟ್ಟ ಬಳಿದ. “ನಮ್ಮನಿ ನಿಮ್ಮನಿಗಿಂತ ತಗ್ಗಿನ್ಯಾಗ ಐತಿ, ನಮ್ಮಲ್ಲಿ ನೀರ ಕಡಿಮಿ ಬರ್ತೈತೇನು?” ಎಂದು ಗುಂಡವ್ವ ಸೊಸೆಯನ್ನು ನಿಚ್ಚಣಿಕೆ ಹತ್ತಿಸಿ ಬಾಗಿಲ ಚೌಕಟ್ಟಿನ ಮೇಲಿನವರೆಗೂ ಎಳೆಸಿದಳು. ದನದ ಕೊಟ್ಟಿಗೆಗಳು ಕೆಂಪಾದವು. ಯಾರೋ ಬೇವಿನ ಗಿಡಕ್ಕೂ ಎರಡಾಳು ಎತ್ತರಕ್ಕೆ ಬಳಿದಿದ್ದರು.

ಇಷ್ಟರಲ್ಲಿ ಜಿಲ್ಲಾ ಪಂಚಾಯ್ತಿಯ ಸಾಹೇಬರು ಪರಿಶೀಲನೆಗೆ ಬಂದರು. ಇಡೀ ಓಣಿ ಸುತ್ತಿ ಬಂದು ಕನ್ನಡಕ ತೆಗೆದು ಒರೆಸಿಕೊಂಡರು.

“ಏನ್ರಿ ಮೆಂಬರ್ರ, ಈ ಮನ್ಯಾಗ ಎದಿಮಟ, ಆ ಮನ್ಯಾಗ ಬಾಗಿಲದ ಮ್ಯಾಲಿನ ಮಟ. ನೀರ ಮೆಟ್ಟಲ ಮೆಟ್ಟಲ ಆಗಿ ನಿಂತಿತ್ತೇನು?”

“ಹೌದ್ರಿ ಸಾಹೇಬ್ರ.”

ಸಾಹೇಬರು ಬಹಳ ಹೊತ್ತು ಯೋಚಿಸಿದರು. ವಿದ್ಯೆ ಇದ್ದವರು ಯೋಚಿಸಿದರೆ ಎಂಥ ಸುಳ್ಳಿಗೂ ಒಂದು ಕಾರಣ ಸಿಕ್ಕೇ ಸಿಗುತ್ತದೆ. ಕೊನೆಗೆ ಅವರು, “ಅಂದ್ರ ನೀರ ನಿಂತಿದ್ದಿಲ್ಲ, ಭಾಳ ಜೋರ ಉಕ್ಕಿ ಬಂದಿತ್ತು. ಇದು ಸಣ್ಣ ಪೂರ ಅಲ್ಲ,” ಎಂದು ಬರೆದುಕೊಂಡರು. ಬೇವಿನ ಗಿಡವನ್ನು ನೋಡಿದ ಮೇಲೆ ಬರೆದುದರ ಕೆಳಗೆ ಎರಡು ಗೆರೆ ಎಳೆದರು.

ಸುದ್ದಿ ಬಸ್ಸು ಹತ್ತಿ ಸಿಂದಗಿಗೆ ಹೋಯಿತು, ಅಲ್ಲಿಂದ ಮುದ್ದೇಬಿಹಾಳ, ಅಲ್ಲಿಂದ ತಂಗಡಗಿ. ನವರಾತ್ರಿಯ ಮೂರನೆಯ ದಿನವೇ ಬೀಗ ಖಂಡೆಪ್ಪ ಕಡ್ಲಿಹಾಳದಲ್ಲಿ ಇಳಿದ. ಬಸ್‌ಸ್ಟ್ಯಾಂಡಿನಿಂದ ಸಿದ್ದರಾಯನ ಮನೆಗೆ ಬರುವಷ್ಟರಲ್ಲಿ ಆತನ ಮುಖವೂ ಗೋಡೆಗಳ ಬಣ್ಣಕ್ಕೆ ತಿರುಗಿತ್ತು. ಹೊನ್ನವ್ವ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಆತ ಆ ನೀರನ್ನೇ ಅನುಮಾನದಿಂದ ನೋಡಿದ.

“ಬೀಗರ, ನಮ್ಮೂರ ಕೃಷ್ಣಾ ಹೊಳಿ ದಂಡಿಮ್ಯಾಲ ಐತಿ. ಮನಿ ಹಿತ್ತಲದಾಗ ನಿಂತ್ರ ಹೊಳಿ ಕಾಣಸ್ತೈತಿ. ನಮ್ಮನ್ಯಾಗ ಒಂದ ದಿನ ಇಷ್ಟ ನೀರ ಬಂದಿಲ್ಲ. ನಿಮ್ಮ ಈ ಹಳ್ಳ, ಎಮ್ಮಿ ಕುಂತ್ರ ಬೆನ್ನ ತೊಯ್ಯಂಗಿಲ್ಲ. ಇದು ನಿಮ್ಮನ್ಯಾಗ ಎದಿಮಟ ಬಂದಿತ್ತೇನ್ರಿ?”

ಖಂಡೆಪ್ಪನ ಕೈಯಲ್ಲಿ, ಬರುವ ದಾರಿಯಲ್ಲಿ ಸಿಂದಗಿಯ ಕಚೇರಿಯಿಂದ ಪಡೆದಿದ್ದ, ತಲಾಠಿ ಓದಿದ್ದ ಕಾಗದದ ಪ್ರತಿ ಇತ್ತು. ಕಾಗದ ಕಂಡ ಸಿದ್ದರಾಯನ ನಾಲಿಗೆ ತಾನೇ ಹೊರಳಿತು. “ಹೌದ್ರಿ.”

“ಏನ ಹೌದ್ರಿ!” ಹೊನ್ನವ್ವ ಒಳಗಿನಿಂದ ಕೂಗಿದಳು. “ಅಣ್ಣಾರ, ಅದು ನಾ ಹಚ್ಚಿದ ಹುರಮಂಜಿ ರೀ!”

“ತಂಗೀ, ನೀವು ಹಚ್ಚೀರೋ ಹೊಳಿ ಹಚ್ಚೈತೋ ನನಗ ಗೊತ್ತಿಲ್ಲ. ಇದರಾಗ ಸರಕಾರ ಬರದೈತಿ.” ಖಂಡೆಪ್ಪ ಕಾಗದ ಬಡಿದು ತೋರಿಸಿದ. “ಚೊಚ್ಚಲ ಬಾಣಂತನ ತವರಮನ್ಯಾಗ. ಅದು ನಿಮ್ಮ ರೂಢಿನೂ ಹೌದು, ನಮ್ಮ ರೂಢಿನೂ ಹೌದು. ನಾಳೆ ನಮ್ಮ ಸೊಸಿ ಇಲ್ಲಿ ಹಡದ್ರ, ನಮ್ಮ ಮೊಮ್ಮಗನ್ನ ತೊಟ್ಟಲದಾಗ ಹಾಕಿ ತೂಗ್ತೀರೋ ತೇಲಸ್ತೀರೋ? ಈ ಮನ್ಯಾಗ ನೀರ ನಿಲ್ಲಂಗಿಲ್ಲ ಅಂತ ಸರಕಾರದ ಕಡಿಂದ ಬರಸಿ ಕೊಡ್ರಿ. ಕೊಡದಿದ್ರ ಈ ಸಂಬಂಧ ಇಲ್ಲಿಗಿ ಬಿಡೂನು.”

ಬಾಗಿಲ ಮರೆಯಲ್ಲಿ ನಿಂತಿದ್ದ ದಾನೇಶ್ವರಿ ಒಳಗೆ ಹೋದಳು. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು, ಇಳಿಸುವವರಿರಲಿಲ್ಲ.

ಮರುದಿನದಿಂದ ಸಿದ್ದರಾಯನ ಕಾಲಿಗೆ ನಿಲುಗಡೆಯಿಲ್ಲ. ಬೆಳಗಿನ ಬಸ್ಸಿಗೆ ಹೋಗುವುದು, ಕತ್ತಲೆಗೆ ಬರುವುದು. ರಸ್ತೆ ಕಚೇರಿಗೆ ಹೋಗಿ ಗೆರೆಯ ಸಂಗತಿ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡರೆ, ಅನಿಲರೇ ಮೊದಲು ಮಾತಾಡಿದರು. “ಯಜಮಾನ್ರೇ, ನೀರು ರಸ್ತೆ ಮೇಲಿದ್ರೆ ಮಾತ್ರ ನಮ್ಮದು. ಇಳಿದು ಓಣಿಗೆ ಬಂದ್ರೆ ಪಂಚಾಯ್ತಿದು.” ಜಿಲ್ಲಾ ಪಂಚಾಯ್ತಿಯವರು, “ಓಣ್ಯಾಗಿಂದ ಹಳ್ಳಕ್ಕ ಬಿದ್ರ ನೀರಾವರಿಯವ್ರದು,” ಎಂದರು. ನೀರಾವರಿಯವರು, “ಹಳ್ಳದಾಗಿಂದ ಮನಿ ಹೊಕ್ರ ಕಂದಾಯದ್ದು,” ಎಂದರು. ಕಂದಾಯದವರು, “ನೀರ ಯಾಕ ಬಂತು? ರೋಡ ಎತ್ತರ ಆಗಿದ್ದಕ್ಕ ಬಂತು. ರೋಡಿನವ್ರನ್ನ ಕೇಳು,” ಎಂದರು. ಪ್ರತಿ ಕಚೇರಿಯಲ್ಲೂ ಆತ ‘ಹೌದ್ರಿ’ ಎಂದು ತಲೆಯಾಡಿಸಿ ಹೊರಗೆ ಬಂದು, ಗಿಡದ ನೆರಳಲ್ಲಿ ನಿಂತು ತನ್ನ ಬಾಯಿಗೆ ತಾನೇ ಬಡಿದುಕೊಳ್ಳುತ್ತಿದ್ದ.

ಈ ತಿರುಗಾಟದಿಂದ ಒಂದು ಫಲವಾಯಿತು. ಈತನ ಕಾಟ ತಡೆಯಲಾರದೆ ನಾಲ್ಕೂ ಕಚೇರಿಯವರು ಕಡ್ಲಿಹಾಳದಲ್ಲಿ ಜಂಟಿ ಪರಿಶೀಲನೆ ಗೊತ್ತುಮಾಡಿದರು. ಹಸ್ತ ಮಳೆ ಇನ್ನೂ ಮುಗಿದಿರದ ದಿನಗಳವು. ಸಿದ್ದರಾಯ ಮೂರು ದಿನ ಹೊಲದಲ್ಲಿ ಕುರಿಗಳನ್ನು ಎದುರಿಗೆ ನಿಲ್ಲಿಸಿಕೊಂಡು, “ಇಲ್ರಿ ಸಾಹೇಬ್ರ, ಅದು ನೀರಲ್ರಿ,” ಎಂದು ಅಭ್ಯಾಸ ಮಾಡಿದ. ಕುರಿಗಳ ಕೈಯಲ್ಲಿ ಕಾಗದ ಇರಲಿಲ್ಲವಾದ್ದರಿಂದ ಮಾತು ಸುಲಲಿತವಾಗಿ ಬಂತು.

ಆ ದಿನ ಮೂರು ಜೀಪು, ಒಂದು ಲೂನಾ ಬಂದವು. ಅನಿಲರು, ನೀರಾವರಿ ಸಾಹೇಬರು, ಜಿಲ್ಲಾ ಪಂಚಾಯ್ತಿ ಸಾಹೇಬರು, ತಲಾಠಿ ಬಸವಂತರಾಯ ನಾಲ್ವರೂ ಸಿದ್ದರಾಯನ ಪಡಸಾಲೆಯಲ್ಲಿ ಕುಳಿತರು. ಕೊನೆಯ ಮಾತು ಕೇಳಿ ಹೋಗಲೆಂದು ಖಂಡೆಪ್ಪನೂ ಬೆಳಗಿನ ಬಸ್ಸಿಗೆ ಬಂದು ಮೂಲೆಯಲ್ಲಿ ಕುಳಿತಿದ್ದ. ಬೆಲ್ಲ ಹಾಕಿದ ಚಹಾ ಬಂತು. ನಾಲ್ವರೂ ನಾಲ್ಕು ಫೈಲು ತೆರೆದರು. ಸಿದ್ದರಾಯ ಕೈಕಟ್ಟಿ ನಿಂತು, ಕುರಿಗಳನ್ನು ಮನಸ್ಸಿನಲ್ಲಿ ತಂದುಕೊಂಡು, “ಸಾಹೇಬ್ರ...” ಎಂದ.

ಅಷ್ಟಕ್ಕೆ ಮಳೆ ಬಂತು.

ಅದು ಸುಮ್ಮನೆ ಬಂದ ಮಳೆಯಲ್ಲ, ಕೊಡಗಟ್ಟಲೆ ಸುರಿದ ಮಳೆ. ಮೇಲಿನ ಓಣಿಯ ನೀರು ಕೆಳಗಿನ ಓಣಿಗೆ ಇಳಿಯಿತು, ಹೋಗಿ ರಸ್ತೆಗೆ ಡಿಕ್ಕಿ ಹೊಡೆಯಿತು, ದಾರಿ ಸಿಗದೆ ತಿರುಗಿತು. ಮೊದಲು ಅಂಗಳದಲ್ಲಿ ಬಿಟ್ಟ ಚಪ್ಪಲಿಗಳು ತಾವಾಗಿಯೇ ಮನೆಯೊಳಗೆ ಬಂದವು. ಹಿಂದೆಯೇ ನೀರು ಬಂತು. ಸಾಹೇಬರು ಕಾಲು ಎತ್ತಿಕೊಂಡರು. ಆಮೇಲೆ ಕುರ್ಚಿಯನ್ನೇ ಬಿಟ್ಟು ಮಲಗುವ ಹೊರಸಿನ ಮೇಲೆ ಹತ್ತಿದರು. ಒಂದು ಹೊರಸು, ನಾಲ್ಕು ಇಲಾಖೆ. ಅನಿಲರು ಗೋಡೆಯ ಕೆಂಪು ಗೆರೆಯನ್ನೇ ಎವೆಯಿಕ್ಕದೆ ನೋಡುತ್ತಿದ್ದರು.

“ಇನ್ನೂ ಮೂರೂವರೆ ಅಡಿ ಏರೋದಿದೆ,” ಎಂದರು ಅವರು, ಸಣ್ಣ ದನಿಯಲ್ಲಿ. “ಯಜಮಾನ್ರೇ, ಎಪ್ಪತ್ತೆರಡರಲ್ಲಿ ಅಲ್ಲಿವರೆಗೂ ಏರೋಕೆ ಎಷ್ಟು ಹೊತ್ತು ಹಿಡಿದಿತ್ತು?”

“ಹೌದ್ರಿ,” ಎಂದ ಸಿದ್ದರಾಯ.

ಜಿಲ್ಲಾ ಪಂಚಾಯ್ತಿ ಸಾಹೇಬರು ಬೇವಿನ ಗಿಡವನ್ನು ನೆನೆದು ಕಣ್ಣುಮುಚ್ಚಿ ಮನೆದೇವರನ್ನು ಕೂಗಿದರು.

ಹಿಟ್ಟಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸುತ್ತಿದ್ದ ಹೊನ್ನವ್ವನಿಗೆ ಇನ್ನು ತಡೆಯಲಾಗಲಿಲ್ಲ. ಸೆರಗು ಬಿಗಿದುಕೊಂಡು ಬಂದವಳೇ ಒದ್ದೆ ಅಂಗೈಯಿಂದ ಆ ಗೆರೆಯನ್ನು ತಿಕ್ಕಿ, ಕೆಂಪಾದ ಕೈಯನ್ನು ಹೊರಸಿನ ಮುಂದೆ ಹಿಡಿದಳು. “ನೋಡ್ರಿ ಎಪ್ಪಾ, ಕಣ್ಣ ತಗದ ನೋಡ್ರಿ! ಇದು ಹೂಳಲ್ಲ, ಹುರಮಂಜಿ. ಸುಣ್ಣ ಸಾಲಲಿಲ್ಲ ಅಂತ ನಾ ಬಳದೇನಿ. ದಾರ ಹಿಡದಾಕಿ ನನ್ನ ಮಗಳು!”

ಅನಿಲರು ಆ ಕೈಯನ್ನು ನೋಡಿದರು, ತಮ್ಮ ಫೈಲನ್ನು ನೋಡಿದರು, ಫೈಲಿನೊಳಗಿನ ಸೇತುವೆಯ ನಕಾಶೆಯನ್ನು ನೋಡಿದರು. “ಹಾಗಾದ್ರೆ... ಎಪ್ಪತ್ತೆರಡರ ಮಹಾಪೂರ?”

“ಎಪ್ಪತ್ತೆರಡರಾಗ?” ಖಂಡೆಪ್ಪ ಮೂಲೆಯಿಂದ ಎದ್ದೇ ಬಿಟ್ಟ. “ಸಾಹೇಬ್ರ, ಆ ವರ್ಷ ಕೃಷ್ಣಾ ಹೊಳಿ ಒಣಗಿ, ಉಸುಕಿನ್ಯಾಗ ನಾವು ವರ್ತಿ ತೋಡಿ ನೀರ ಕುಡದೇವಿ!”

ಸುಳ್ಳು ನೀರು ಒಂದು ಗಳಿಗೆಯಲ್ಲಿ ಇಳಿದುಹೋಯಿತು. ಖರೆ ನೀರು ಮಾತ್ರ ಏರುತ್ತಲೇ ಇತ್ತು. ಹೊರಸಿನ ಕಾಲು ಅರ್ಧ ಮುಳುಗಿತ್ತು. ರಸ್ತೆಯನ್ನು ಒಂದು ಕಡೆ ಕಡಿದರೆ ನೀರು ಹಳ್ಳಕ್ಕೆ ಹೋಗುತ್ತದೆ ಎಂಬುದು ಮೊಣಕಾಲುದ್ದದ ಹುಡುಗರಿಗೂ ತಿಳಿಯುವ ಮಾತು. ಆದರೆ ಹೊರಸಿನ ಮೇಲೆ ಸಭೆ ಶುರುವಾಯಿತು.

“ರಸ್ತೆ ನಮ್ಮದು, ನೀರು ನಮ್ಮದಲ್ಲ. ನೀರಿನವರು ಬರೆದುಕೊಟ್ರೆ ಕಡೀಬಹುದು,” ಎಂದರು ಅನಿಲರು.

“ಹಳ್ಳಕ್ಕ ಬಿದ್ದ ಮ್ಯಾಲ ನಮ್ಮ ನೀರು. ಇದಿನ್ನಾ ಬಿದ್ದಿಲ್ಲಲ್ರಿ,” ಎಂದರು ನೀರಾವರಿಯವರು.

“ಓಣಿ ಗ್ರಾಮ ಪಂಚಾಯ್ತಿದು. ಅವ್ರ ಠರಾವ ಇಲ್ಲದ ನಾವು ಬಾಯಿ ಹಾಕೂಹಂಗಿಲ್ಲ,” ಎಂದರು ಜಿಲ್ಲಾ ಪಂಚಾಯ್ತಿಯವರು.

“ಮನಿ ಹೊಕ್ಕ ನೀರಿಂದು ಪಂಚನಾಮಾ ನಾ ಮಾಡ್ತೇನಿ,” ಎಂದ ತಲಾಠಿ ಧೈರ್ಯವಾಗಿ. “ಆದ್ರ ನೀರ ಇಳದ ಮ್ಯಾಲ.”

“ಹಾಗಿದ್ರೆ ನಾಲ್ಕೂ ಕಚೇರಿಯಿಂದ ಪತ್ರ ಬರೆದು, ಉತ್ತರ ಬರೋವರೆಗೂ ಕಾಯೋದೇ ಕ್ರಮ.” ಅನಿಲರು ಒದ್ದೆ ಕಾಗದದ ಮೇಲೆ ಪೆನ್ನು ಊರಿ ಸಿದ್ದರಾಯನ ಕಡೆ ತಿರುಗಿದರು. “ಹೌದಲ್ವಾ ಯಜಮಾನ್ರೇ?”

ಎಲ್ಲರೂ ಸಿದ್ದರಾಯನ ಬಾಯಿಯನ್ನೇ ನೋಡಿದರು. ಅಲ್ಲಿಂದ ಏನು ಬರುತ್ತದೆಂದು ಗೊತ್ತಿದ್ದ ತಲಾಠಿ ಆಗಲೇ ಬರೆದುಕೊಳ್ಳತೊಡಗಿದ್ದ. ಸಿದ್ದರಾಯ ನಡುಮನೆಯ ಕಡೆ ನೋಡಿದ. ಅಲ್ಲಿ ದಾನೇಶ್ವರಿ ಟ್ರಂಕಿನ ಮೇಲೆ ನಿಂತು, ಮದುವೆಗೆ ತಂದ ಸೀರೆಗಳ ಗಂಟನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಕೈ ಸೋತು ಗಂಟು ಅಲುಗುತ್ತಿತ್ತು.

“ಇಲ್ರಿ,” ಎಂದ ಸಿದ್ದರಾಯ.

ಅನಿಲರಿಗೆ ಕೇಳಿಸಿತೋ ಇಲ್ಲವೋ. “ಏನಂದ್ರಿ?”

“ಇಲ್ಲ ಅಂದೆ! ಇಲ್ಲ, ಇಲ್ಲ, ಇಲ್ಲ! ಕಾಯಂಗಿಲ್ಲ!” ಮೆಂಬರನಾದಾಗಿನಿಂದ ಒಳಗೆ ಕೂಡಿಟ್ಟ ‘ಇಲ್ಲ’ಗಳೆಲ್ಲ ಒಮ್ಮೆಲೇ ಹೊರಬಿದ್ದವು. ಆತ ಮೂಲೆಯಲ್ಲಿದ್ದ ಕಬ್ಬಿಣದ ಹಾರಿ ಎತ್ತಿಕೊಂಡು, ಕಿಸೆಯ ಎರಡೂ ಪೆನ್ನುಗಳನ್ನು ನೀರಿಗೆ ಬೀಳಿಸಿಕೊಂಡು, ಮಳೆಯಲ್ಲೇ ರಸ್ತೆಯ ಕಡೆ ನಡೆದ. ಮೆಂಬರ ‘ಇಲ್ಲ’ ಎಂದನಂತೆ ಎಂಬ ಸುದ್ದಿ ಅವನಿಗಿಂತ ಮುಂದೆ ಓಡಿತು. ಮಾನಪ್ಪ ಸಲಿಕೆ ಹಿಡಿದು ಬಂದ. ಹಾಜಿಮಲಂಗ ಅಂಗಡಿ ತೆರೆದಿಟ್ಟೇ ಬಂದ. ಗುಂಡವ್ವ ಕೈಗೆ ಸಿಕ್ಕ ಕುಡುಗೋಲನ್ನೇ ಹಿಡಿದು, “ಎಲ್ಲೈತೋ ಆ ರೋಡು!” ಎಂದು ಬಂದಳು.

ಡಾಂಬರಿಗೆ ಹಾರಿ ಹಾಕಿದ ಸಿದ್ದರಾಯನ ಹೆಗಲು ಹಿಡಿದು ಯಾರೋ ಎಳೆದರು. ಧೋತರ ಮೇಲೆತ್ತಿ ಕಟ್ಟಿದ ಖಂಡೆಪ್ಪ.

“ಅಲ್ಲಿ ಹಾಕಬ್ಯಾಡ್ರಿ ಬೀಗರ. ಹೊಳಿ ದಂಡಿ ಮಂದಿ ನಾವು, ನನ್ನ ಕೇಳ್ರಿ. ನೀರ ಎಲ್ಲಿ ಸುತ್ತಾಕತ್ತೈತಿ ನೋಡ್ರಿ. ಅದರ ಮನಸ ಅಲ್ಲೇ ಐತಿ. ಅಲ್ಲಿ ಕಡೀರಿ. ತಡೀರಿ, ಇಲ್ಲಿ ಕೊಡ್ರಿ, ನಿಮಗ ಹಾರಿ ಹಿಡ್ಯಾಕ ಬರಂಗಿಲ್ಲ.”

ಖಂಡೆಪ್ಪ ತೋರಿಸಿದಲ್ಲಿ ಕಡಿದರು. ಮೊದಲು ಬೆರಳಗಲ ನೀರು ಹೋಯಿತು, ಆಮೇಲೆ ಮೊಳದಗಲ. ಆಮೇಲೆ ಯಾರೂ ಕಡಿಯುವ ಕಾರಣವೇ ಉಳಿಯಲಿಲ್ಲ. ನೀರೇ ತನ್ನ ದಾರಿಯನ್ನು ಹಿಡಿದುಕೊಂಡಿತು. ಒಂದು ಒಲೆ ರೊಟ್ಟಿ ಬಡಿಯುವಷ್ಟರಲ್ಲಿ ಓಣಿ ಬರಿದಾಯಿತು. ಹೊರಸಿನ ಮೇಲಿದ್ದ ಸರಕಾರ ಒಂದೊಂದೇ ಕಾಲನ್ನು ನೆಲಕ್ಕೆ ಇಟ್ಟಿತು.

ನೆಲ ಸಿಕ್ಕ ಕೂಡಲೇ ಅನಿಲರಿಗೆ ಕಾನೂನು ನೆನಪಾಯಿತು. “ಇದು ರಾಜ್ಯ ಹೆದ್ದಾರಿ! ಯಾರು ಕಡಿದ್ರು ಅಂತ ವರದಿ ಬರೀಲೇಬೇಕು!”

ತಲಾಠಿ ಬಸವಂತರಾಯ ಅವರನ್ನು ಕಂಬದ ಮರೆಗೆ ಕರೆದ. ಮೂವತ್ತು ವರ್ಷ ಕಂದಾಯದಲ್ಲಿ ಕಳೆದವನು. “ಬರೀರಿ ಸಾಹೇಬ್ರ, ಮೆಂಬರ ಕಡದ ಅಂತ ಬರೀರಿ. ಮ್ಯಾಲಿನವ್ರು ಒಂದೇ ಮಾತ ಕೇಳ್ತಾರು. ಅವ ಕಡೂಮುಂದ ನೀವು ನಾಕೂ ಮಂದಿ ಎಲ್ಲಿದ್ರಿ?”

ಅನಿಲರು ಹೊರಸನ್ನು ನೋಡಿದರು. ಉಳಿದ ಸಾಹೇಬರೂ ಹೊರಸನ್ನು ನೋಡಿದರು. ಆಮೇಲೆ ನಾಲ್ವರೂ ಒಂದೇ ಹಾಳೆಯ ಮೇಲೆ ಬಾಗಿದರು. ಹಾಗೆ ಬಾಗಿದ್ದನ್ನು ಆ ಜಿಲ್ಲೆಯಲ್ಲಿ ಮೊದಲ ಸಲ ಕಂಡವಳು ಹೊನ್ನವ್ವ. ಬಾಗಿಲಲ್ಲಿ ನಿಂತು ಕೈಮುಗಿದಳು. ಹಾಳೆಯಲ್ಲಿ ಬರೆದದ್ದು ಇಷ್ಟು:

‘ಸದರಿ ಓಣಿಯಲ್ಲಿ ಸಂಗ್ರಹವಾದ ನೀರು ಯಾವುದೇ ಇಲಾಖೆಯ ಅಥವಾ ವ್ಯಕ್ತಿಯ ಕೈವಾಡವಿಲ್ಲದೆ, ತಾನಾಗಿಯೇ ರಸ್ತೆಯನ್ನು ಸೀಳಿ ಹಳ್ಳ ಸೇರಿರುತ್ತದೆ. ಮನೆಗಳಲ್ಲಿ ನೀರು ನಿಲ್ಲುವ ಸಂಭವ ಇರುವುದಿಲ್ಲ. ನೀರು ತಾನೇ ಆರಿಸಿಕೊಂಡ ಸದರಿ ಸ್ಥಳದಲ್ಲಿ ಪೈಪು ಹಾಕಿ ರಸ್ತೆಯನ್ನು ರಿಪೇರಿ ಮಾಡತಕ್ಕದ್ದು.’

ರಿಪೇರಿಗೆ ಯಾರ ಒಪ್ಪಿಗೆಯೂ ಬೇಡವಂತೆ. ನಾಲ್ಕು ಸಹಿ ಬಿದ್ದವು. ತಲಾಠಿ ಚೀಲದಿಂದ ಶಿಕ್ಕಾ ತೆಗೆದು, ಬಾಯಿಂದ ಹಬೆಯೂದಿ, ಒತ್ತಿದ.

ಮಳೆ ನಿಂತಿತ್ತು. ಮೈಯೆಲ್ಲ ಕೆಸರಾಗಿ ಹಾರಿ ಊರಿಕೊಂಡು ನಿಂತಿದ್ದ ಖಂಡೆಪ್ಪನ ಕೈಗೆ ಸಿದ್ದರಾಯ ಅದರ ಪ್ರತಿಯನ್ನು ಕೊಟ್ಟ. ಖಂಡೆಪ್ಪ ಕೆಸರ ಕೈಯನ್ನು ಧೋತರಕ್ಕೆ ಒರೆಸಿ, ಕಾಗದವನ್ನು ದೂರ ಹಿಡಿದು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ. ‘ತಾನಾಗಿಯೇ’ ಎಂಬಲ್ಲಿ ಸ್ವಲ್ಪ ನಿಂತ. ಅಂಗೈಯಲ್ಲಿ ಎದ್ದಿದ್ದ ಬೊಕ್ಕೆಗಳನ್ನು ಒಮ್ಮೆ ನೋಡಿಕೊಂಡ. ಮತ್ತೆ ಮುಂದೆ ಓದಿದ. ಕೊನೆಗೆ ಗುಂಡು ಶಿಕ್ಕೆಯನ್ನು ಬೆಳಕಿಗೆ ಹಿಡಿದು ನೋಡಿ, ಮಡಿಚಿ ಕಿಸೆಗೆ ಇಟ್ಟ.

“ನಾಕ ಮಂದಿ ಸಾಹೇಬ್ರು ಬರದು ಕೊಟ್ಟ ಮ್ಯಾಲ ನಾವೇನ ಅನ್ನೂದೈತಿ ಬೀಗರ,” ಎಂದ.

ಅಷ್ಟರಲ್ಲಿ ರಸ್ತೆಯ ಆಚೆ ತುದಿಯಲ್ಲಿ ಸಿಂದಗಿಯಿಂದ ಬಂದ ಬಸ್ಸು ಬ್ರೇಕು ಹಾಕಿ ನಿಂತಿತು. ಕಂಡಕ್ಟರ ಇಳಿದು ಬಂದು, ಎಂಟು ಅಡಿ ಅಗಲದ ಹರಿವನ್ನು ನೋಡಿ ಬಾಯಿಗೆ ಬಂದಂತೆ ಕೂಗಿದ. “ಯಾವನಲೇ ಅವ ರೋಡ ಕಡದಾವ?”

ಹಾರಿ, ಸಲಿಕೆ, ಕುಡುಗೋಲು ಹಿಡಿದ ಇಡೀ ಕಡ್ಲಿಹಾಳ ಒಂದೇ ದನಿಯಲ್ಲಿ ಹೇಳಿತು: “ತಾನ ಹೋಗೇತ್ರಿ!”

ಖಂಡೆಪ್ಪ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಹರಿಯುವ ನೀರಿಗೆ ಇಳಿದು ಆಚೆ ದಂಡೆ ಹತ್ತಿದ. ಬೈಯುತ್ತಿದ್ದ ಕಂಡಕ್ಟರನ ಮೂಗಿನ ಮುಂದೆ ಶಿಕ್ಕೆ ಬಿದ್ದ ಕಾಗದವನ್ನು ಒಮ್ಮೆ ಆಡಿಸಿ, ಹೋಗಿ ಮುಂದಿನ ಸೀಟಿನಲ್ಲಿ ಕುಳಿತು ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಸರಕಾರಿ ಕಾಗದ ಐತಿ, ಸುಮ್ನ ಗಾಡಿ ತಿರಗಸು. ನನಗ ಊರಿಗಿ ಲಗೂನ ಹೋಗಬೇಕು, ಮನ್ಯಾಗ ಮದುವಿ ಐತಿ.”